ಬೊಲೆರೊದಲ್ಲಿ ಹಾಡು: ಫೋನಾ, ರೇಡಿಯೊನಾ, ಪೆನ್ ಡ್ರೈವಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಪೆನ್ ಡ್ರೈವ್ ಪಾರ್ಟಿ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿ ಫೋನಿಗೆ ಹಾಡಿನ ಆ್ಯಪ್ ಹಾಕಿಸಿಕೊಂಡೆ. ಮೂರು ತಿಂಗಳು ಅದರ ಜೊತೆ ಜಗಳ ಆಡಿದೆ. ಕೊನೆಗೆ 380 ರೂಪಾಯಿ ಕೊಟ್ಟು 32 ಜಿಬಿ ಪೆನ್ ಡ್ರೈವ್ ತಂದೆ. ಹಾಗಾಗಿ ಇಲ್ಲಿ ಮೂರಕ್ಕೂ ಸಮ ನ್ಯಾಯ ಸಿಗುತ್ತದೆ ಅಂದುಕೊಳ್ಳಬೇಡಿ.

ನಮ್ಮೂರು ಗಂಗಾವತಿ. ರೈಸ್ ಮಿಲ್ಲುಗಳಿಗೆ ಬಿಡಿಭಾಗ ಕೊಡುವ ವ್ಯಾಪಾರ. ವಾರಕ್ಕೆ ಎರಡು ಸಲ ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿಗೆ ಹೋಗುತ್ತೇನೆ. ನಡುವೆ ಮಿಲ್ಲುಗಳ ಮುಂದೆ ನಿಂತು ನಿಂತು ಹೋಗುವುದರಿಂದ ಅರ್ಧ ದಿನ ಗಾಡಿಯಲ್ಲೇ ಕಳೆಯುತ್ತದೆ. ತಿಂಗಳಿಗೊಮ್ಮೆ ಬಳ್ಳಾರಿ. ಮಳೆಗಾಲದ ಭಾನುವಾರ ಗೆಳೆಯರ ಜೊತೆ ಸಂಡೂರಿನ ಗುಡ್ಡದ ಕಡೆ. ಗಾಡಿ ಸೆಕೆಂಡ್ ಹ್ಯಾಂಡ್ ಬೊಲೆರೊ. ಫೋರ್ ವೀಲ್ ಡ್ರೈವ್ ಅಲ್ಲ, ಆದರೂ ಕಾಲುವೆ ದಾರಿ, ಹೊಲದ ದಾರಿ ಎಲ್ಲ ನೋಡಿದೆ.

ಫೋನಿನ ಒಳ್ಳೆಯ ಗುಣ ಎಲ್ಲರಿಗೂ ಗೊತ್ತು, ಕೇಳಿದ ಹಾಡು ಸಿಗುತ್ತದೆ. ಊರೊಳಗೆ ನಾನೂ ಅದನ್ನೇ ಹಚ್ಚುತ್ತೇನೆ. ತೊಂದರೆ ಇರುವುದು ಫೋನಿಗೆ ಬೇರೆ ಕೆಲಸಗಳೂ ಇರುವುದರಲ್ಲಿ. ಮೇ ತಿಂಗಳಲ್ಲಿ ರಾಯಚೂರು ದಾರಿಯಲ್ಲಿ ಅದನ್ನು ಗಾಜಿನ ಹಿಂದೆ ಸಿಕ್ಕಿಸಿ, ಚಾರ್ಜಿಗೆ ಹಾಕಿ, ಮ್ಯಾಪ್ ತೆರೆದು, ಮೇಲೆ ಬ್ಲೂಟೂತ್ ಹಾಡನ್ನೂ ಹಚ್ಚಿದರೆ ಅದು ರೊಟ್ಟಿ ಹಂಚಿನಷ್ಟು ಬಿಸಿ ಆಗುತ್ತದೆ. ಸ್ಕ್ರೀನ್ ಮಬ್ಬಾಗಿ ತನ್ನಷ್ಟಕ್ಕೆ ತಾನು ಸುಮ್ಮನಾಗುತ್ತದೆ. ಸಂಡೂರು ಗುಡ್ಡದ ತಿರುವುಗಳಲ್ಲಿ ನೆಟ್ವರ್ಕ್ ಹೋದರೆ ಹಾಡು ಅರ್ಧಕ್ಕೆ ಕಟ್. ಮೊದಲೇ ಇಳಿಸಿಟ್ಟುಕೊಳ್ಳಬಹುದಲ್ಲ ಅನ್ನುತ್ತೀರಿ. ಇಳಿಸಿಟ್ಟದ್ದು ಮುಗಿದ ಮೇಲೆ ಆ್ಯಪ್ ತನ್ನ ಮನಸ್ಸಿಗೆ ಬಂದ ಹಾಡು ಹುಡುಕಲು ಹೋಗಿ ತಿರುಗುತ್ತ ಕೂರುತ್ತದೆ.

ಇವೆಲ್ಲ ಸಹಿಸಿಕೊಳ್ಳುವಂಥವೇ. ನಾನು ಫೋನ್ ಬಿಟ್ಟದ್ದು ಒಂದು ಕರೆಯಿಂದ. ಕಾರಟಗಿ ದಾಟಿದ್ದೆವು, ಪಕ್ಕದಲ್ಲಿ ಹೊಸ ಗಿರಾಕಿ ಕೂತಿದ್ದರು. ಹಾಡು ನಿಂತು ನಾಲ್ಕೂ ಸ್ಪೀಕರಿನಲ್ಲಿ ಒಂದು ದನಿ ಬಂತು: "ಯಣ್ಣಾ, ಆ ಹಳೇ ಬಾಕಿ ಯಾವಾಗ ಕೊಡ್ತಿ?" ಗಿರಾಕಿ ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ ಕೂತರು. ಆ ಆರ್ಡರ್ ಬರಲಿಲ್ಲ ಅಂತ ಬೇರೆ ಹೇಳಬೇಕಾ?

ರೇಡಿಯೊ ಬಗ್ಗೆ ನನಗೆ ಪ್ರೀತಿ ಇದೆ. ಹಳೆಯ ಸ್ಟೀರಿಯೊದಲ್ಲಿ ಮೀಡಿಯಂ ವೇವ್ ಇತ್ತು, 765 ಕಿಲೋಹರ್ಟ್ಸಿನಲ್ಲಿ ಧಾರವಾಡ ಆಕಾಶವಾಣಿ ಹಿಡಿಯುತ್ತಿದ್ದೆ. ಮೀಡಿಯಂ ವೇವ್ ನೆಲ ಹಿಡಿದು ದೂರ ಹೋಗುತ್ತದೆ. ಎಫ್‌ಎಂ ಕಣ್ಣಿನ ನೋಟದ ಹಾಗೆ ನೆಟ್ಟಗೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗೀತು. ಆದರೆ ಮೀಡಿಯಂ ವೇವ್ ಕರೆಂಟಿನ ತಂತಿಗೆ ಹೆದರುತ್ತದೆ. ಬಳ್ಳಾರಿ ದಾರಿಯಲ್ಲಿ ಕುಡಿತಿನಿ ಹತ್ತಿರ ಥರ್ಮಲ್ ಸ್ಟೇಷನ್ನಿನ ಹೈಟೆನ್ಷನ್ ಲೈನ್ ಕೆಳಗೆ ಹೋದರೆ ಹಾಡುವವರ ಗಂಟಲಿಗೆ ಮರಳು ಸುರಿದಂತೆ ಗರ್ರ್ ಅನ್ನುತ್ತಿತ್ತು. ಹೊಸ ಸ್ಟೀರಿಯೊದಲ್ಲಿ ಬರೀ ಎಫ್‌ಎಂ ಇದೆ. ಹೊಸಪೇಟೆ ಸುತ್ತ ಚೆನ್ನಾಗಿ ಬರುತ್ತದೆ, ಆಮೇಲೆ ಸಪ್ಪಳ ಜಾಸ್ತಿ, ಹಾಡು ಕಡಿಮೆ. ಒಬ್ಬನೇ ಹೋಗುವಾಗ ಬೆಳಗಿನ ವಾರ್ತೆಗೆ ಮಾತ್ರ ಈಗ ರೇಡಿಯೊ.

ಇನ್ನು ಪೆನ್ ಡ್ರೈವ್. ಅದನ್ನೂ ಮೊದಲ ಎರಡು ತಿಂಗಳು ಎಸೆದುಬಿಡಬೇಕು ಅನ್ನಿಸಿತ್ತು. ಗಾಡಿ ಬಂದ್ ಮಾಡಿ ಮತ್ತೆ ಶುರು ಮಾಡಿದರೆ ಸಾಕು, ಪ್ರತಿ ಸಲವೂ ಮೊದಲ ಹಾಡಿನಿಂದಲೇ ಆರಂಭ. ಚಹಾ ಕುಡಿಯಲು ಇಳಿದರೂ ಅಷ್ಟೆ, ಡೀಸೆಲ್ ಹಾಕಿಸಿದರೂ ಅಷ್ಟೆ. ಆ ಮೊದಲ ಹಾಡು ಯಾವುದು ಗೊತ್ತಾ? ಮಗಳ ಶಾಲೆಯ ಗ್ಯಾದರಿಂಗಿನಲ್ಲಿ ಡಾನ್ಸ್ ಮಾಡಲು ಇಳಿಸಿಕೊಂಡಿದ್ದ, ಶುರುವಿಗೇ ಡೊಳ್ಳು, ತಮಟೆ, ಸೀಟಿ ಇರುವ ಹಾಡು.

ಮಸ್ಕಿ ಹತ್ತಿರ ಸಂಬಂಧಿಕರ ಹೊಲಕ್ಕೆ ಹೋದ ದಿನ ಇದು ಮಿತಿ ಮೀರಿತು. ರಾತ್ರಿ ಮಳೆ ಬಿದ್ದಿತ್ತು. ಎರೆ ಮಣ್ಣಿನ ದಾರಿ ನಿಮಗೆ ಗೊತ್ತಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಟೈರಿಗೆ ಮಣ್ಣು ಮೆತ್ತಿಕೊಂಡು ಮಡ್‌ಗಾರ್ಡಿಗೆ ತಾಗಿ ಚಕ್ರ ಸುಮ್ನೆ ಜಾರುತ್ತದೆ. ಗಾಡಿ ಬಂದ್ ಮಾಡು, ಇಳಿ, ಕೋಲಿನಿಂದ ಮಣ್ಣು ಕೆರೆ, ಹತ್ತು, ಶುರು ಮಾಡು. ಡೊಳ್ಳು, ತಮಟೆ, ಸೀಟಿ. ಮತ್ತೆ ಇಳಿ. ಮತ್ತೆ ಡೊಳ್ಳು. ಹಿಂದಿನ ಸೀಟಿನಲ್ಲಿದ್ದ ಮಾವನವರು ಆರನೇ ಸಲಕ್ಕೆ ಬಾಯಿ ಬಿಟ್ಟರು: "ಅಳಿಯಂದ್ರ, ಇದರಾಗ ಬ್ಯಾರೆ ಹಾಡು ಹಾಕಿಲ್ಲೇನ್ರಿ?" ಐನೂರು ಹಾಡು ಇವೆ ಮಾವ ಅಂದೆ. ಅವರು ನಂಬಲಿಲ್ಲ.

ಬೇರೆ ಪೆನ್ ಡ್ರೈವ್ ಹಾಕಿ ನೋಡಿದೆ, ತೊಂದರೆ ಹೋಗಲಿಲ್ಲ. ಹಾಡುಗಳ ಹೆಸರಿನ ಮುಂದೆ 01, 02 ಅಂತ ನಂಬರ್ ಹಾಕಿದೆ, ಅದಕ್ಕೂ ಬಗ್ಗಲಿಲ್ಲ. ನನ್ನ ಸ್ಟೀರಿಯೊ ಹೆಸರು ನೋಡುವುದೇ ಇಲ್ಲ, ಯಾವುದನ್ನು ಮೊದಲು ಕಾಪಿ ಮಾಡಿದ್ದೇವೋ ಅದನ್ನೇ ಮೊದಲು ಹಾಡುತ್ತದೆ. (ಸಾಲಾಗಿ ಬೇಕಾದರೆ ಪೂರ್ತಿ ಅಳಿಸಿ ಒಂದೊಂದಾಗಿ ಕಾಪಿ ಮಾಡಬೇಕು. ಒಂದು ಭಾನುವಾರ ಅದಕ್ಕೇ ಹೋಯಿತು.) ಸ್ಟೀರಿಯೊನೇ ಕೆಟ್ಟದ್ದು ಅಂತ ತೀರ್ಮಾನಿಸಿ ಹೊಸದರ ರೇಟು ಕೇಳಲು ಸಿಂಧನೂರಿನಲ್ಲಿ ಒಬ್ಬ ಗಾಡಿ ಎಲೆಕ್ಟ್ರಿಷಿಯನ್ ಹತ್ತಿರ ನಿಂತೆ. ಆತ ಹಾಡು ಕೇಳಲೇ ಇಲ್ಲ. ಸ್ಟೀರಿಯೊದಲ್ಲಿರುವ ಗಡಿಯಾರ ನೋಡಿದ. ಮಧ್ಯಾಹ್ನ ನಾಲ್ಕು ಗಂಟೆಗೆ ಅದು 12:03 ತೋರಿಸುತ್ತಿತ್ತು. "ಇದು ಯಾವಾಗ್ಲೂ ಹಿಂಗ ಏನ್ರಿ?" ಅಂದ. ಹೌದು, ನಾನು ಅದನ್ನು ನೋಡಿ ನೋಡಿ ಬಿಟ್ಟಿದ್ದೆ.

ವಿಷಯ ಇಷ್ಟೇ. ಸ್ಟೀರಿಯೊಗೆ ಎರಡು ಕಡೆಯಿಂದ ಕರೆಂಟ್ ಬೇಕು. ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಕೊಡುತ್ತದೆ. ಹಳದಿ ವೈರ್ ಬ್ಯಾಟರಿಯಿಂದ ಸದಾ ಬರುತ್ತಿರಬೇಕು. ಗಡಿಯಾರ ಓಡುವುದು, ಯಾವ ಹಾಡಿನಲ್ಲಿ ನಿಲ್ಲಿಸಿದ್ದೆವು ಅನ್ನುವ ನೆನಪು ಉಳಿಯುವುದು ಈ ಹಳದಿಯಿಂದಲೇ. ನನಗೆ ಸ್ಟೀರಿಯೊ ಕೂರಿಸಿಕೊಟ್ಟವನು ಎರಡನ್ನೂ ಒಟ್ಟಿಗೆ ಸುತ್ತಿ ಕೀ ಕಡೆಗೆ ಕೊಟ್ಟಿದ್ದ. ಕೀ ತೆಗೆದರೆ ನೆನಪೂ ಹೋಯಿತು. ಎಲೆಕ್ಟ್ರಿಷಿಯನ್ ಹಳದಿಯನ್ನು ಬಿಡಿಸಿ, ಫ್ಯೂಸ್ ಹಾಕಿ, ಬ್ಯಾಟರಿಗೆ ಎಳೆದ. 150 ರೂಪಾಯಿ, ಇಪ್ಪತ್ತು ನಿಮಿಷ. ಹೊಸ ಸ್ಟೀರಿಯೊ ಮಾರಬಹುದಿತ್ತು, ಆದರೆ ಆತ ಮಾರಲಿಲ್ಲ. ನಿಮ್ಮ ಗಾಡಿಯಲ್ಲೂ ಗಡಿಯಾರ ಪ್ರತಿ ಸಲ ಹನ್ನೆರಡಕ್ಕೆ ಹೋಗುತ್ತಿದ್ದರೆ ಪೆನ್ ಡ್ರೈವ್ ಬೈಯುವ ಮೊದಲು ಹಳದಿ ವೈರ್ ನೋಡಿಸಿ.

ಅಲ್ಲಿಂದ ಈಚೆಗೆ ಪೆನ್ ಡ್ರೈವಿನ ಮೇಲೆ ದೂರಿಲ್ಲ. ಉದ್ದನೆಯದು ತರಬೇಡಿ, ಕುಲುಕಿದಾಗ ಮೊಣಕಾಲು ಬಡಿದು ಮುರಿಯುತ್ತದೆ. ಉಗುರಿನಷ್ಟು ಚಿಕ್ಕದು ಸಾಕು. ಫ್ಯಾಟ್32ರಲ್ಲಿ (ಫಾರ್ಮ್ಯಾಟ್ ಮಾಡುವಾಗ ಕಂಪ್ಯೂಟರ್ ತೋರಿಸುವ ಆಯ್ಕೆಗಳಲ್ಲಿ ಒಂದು) ಫಾರ್ಮ್ಯಾಟ್ ಮಾಡಿ. ಸಂಡೂರಿಗೆ ಹೋಗಿ ಬಂದ ಮೇಲೆ ಯುಎಸ್‌ಬಿ ಕಿಂಡಿಯ ಕೆಂಪು ಧೂಳು ಒರೆಸಿ.

ಏನು ಹಾಕಿಕೊಳ್ಳಬೇಕು ಅನ್ನುವುದು ಅವರವರ ರುಚಿ, ಆದರೂ ನನ್ನ ಅನುಭವ ಹೇಳುತ್ತೇನೆ. ಬೆಳಗ್ಗೆ ಹೊರಡುವಾಗ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಅವರು ಹಾಡಿದ ವಚನ. ಮಾನ್ವಿ ಬಂದರೆ ಆ ಊರಿನ ಜಗನ್ನಾಥದಾಸರ ಪದ. ಸಿಂಧನೂರಿನ ನೇರ ದಾರಿಗೆ ಹಿಂದೂಸ್ತಾನಿ ಗಾಯಕ ವೆಂಕಟೇಶ ಕುಮಾರರ ಒಂದು ದೊಡ್ಡ ಖ್ಯಾಲ್ ಹಾಕಿದರೆ ಮುಗಿಯುವಷ್ಟರಲ್ಲಿ ಇನ್ನೊಂದು ಊರು ಬಂದಿರುತ್ತದೆ. ಅವರು ಗದಗಿನ ಪುಣ್ಯಾಶ್ರಮದಲ್ಲಿ ಕಲಿತವರು, ಗಂಟಲು ಬೊಲೆರೊ ಎಂಜಿನ್ನನ್ನೂ ಮೀರುತ್ತದೆ. ಒಂದೇ ತಕರಾರು: ಆರಂಭದ ಆಲಾಪ ಡೀಸೆಲ್ ಸಪ್ಪಳದಲ್ಲಿ ಕೇಳುವುದಿಲ್ಲ ಅಂತ ವಾಲ್ಯೂಮ್ ಏರಿಸುತ್ತೇವೆ, ದ್ರುತ್, ಅಂದರೆ ವೇಗದ ಭಾಗ ಬಂದಾಗ ಗಾಜು ಅದುರುತ್ತದೆ. ಊಟ ಆದ ಮೇಲೆ ಖ್ಯಾಲ್ ಬೇಡವೇ ಬೇಡ, ನಿದ್ದೆ ಬರುತ್ತದೆ. ಆಗ ಸಿನಿಮಾ ಹಾಡು, ಜೊತೆಗೆ ಜೋರಾಗಿ ಹಾಡಬೇಕು.

ಗುಡ್ಡದ ದಾರಿಗೆ ಬೇರೆ ಫೋಲ್ಡರ್ ಇಟ್ಟಿದ್ದೇನೆ, ಅದರಲ್ಲಿ ಕೊಳಲು ಮಾತ್ರ. ಗಾಡಿ ಕಲ್ಲು ಹತ್ತುವಾಗ ಕೆಳಗೆ ನಿಂತು ದಾರಿ ತೋರಿಸುವ ಗೆಳೆಯ "ಎಡಕ್ಕ, ಎಡಕ್ಕ, ಸಾಕ್ ಸಾಕ್" ಅನ್ನುತ್ತಿರುತ್ತಾನೆ. ಗಾಡಿಯೊಳಗೆ ಇನ್ನೊಬ್ಬರು ಹಾಡುತ್ತಿದ್ದರೆ ಎರಡು ದನಿ ಕಲೆತು ತಲೆ ಕೆಡುತ್ತದೆ. ತಮಟೆ ಇದ್ದರಂತೂ ನನ್ನ ಕಾಲು ತಾನೇ ಆಕ್ಸಿಲರೇಟರ್ ಒತ್ತುತ್ತದೆ. ತೀರಾ ಕಷ್ಟದ ಜಾಗದಲ್ಲಿ ಕೊಳಲನ್ನೂ ಬಂದ್ ಮಾಡುತ್ತೇನೆ, ಚಕ್ರದ ಕೆಳಗೆ ಕಲ್ಲು ಸರಿಯುವ ಸಪ್ಪಳ ಕೇಳಬೇಕು.

ದಿನಾ ಊರೊಳಗೆ ಓಡಾಡುವವರು, ಹೊಸ ಹೊಸ ಹಾಡು ಬೇಕು ಅನ್ನುವವರು ಫೋನನ್ನೇ ಇಟ್ಟುಕೊಳ್ಳಿ, ಆದರೆ ಹಳೇ ಬಾಕಿ ಮೊದಲು ತೀರಿಸಿಬಿಡಿ. ನನ್ನ ಲೆಕ್ಕ 530 ರೂಪಾಯಿಗೆ ಮುಗಿಯಿತು. ಆ್ಯಪ್ ಚಂದಾ ಮುಗಿದರೆ ಮತ್ತೆ ಕಟ್ಟುವುದಿಲ್ಲ. ಹೋದ ತಿಂಗಳು ಬ್ಯಾಟರಿ ಬದಲಿಸಿದೆ. ಹಳೆಯದನ್ನು ಬಿಚ್ಚಿದಾಗ ಸ್ಟೀರಿಯೊದ ನೆನಪೂ ಹೋಗಿತ್ತು. ಕೀ ತಿರುಗಿಸಿದೆ, ಡೊಳ್ಳು, ತಮಟೆ, ಸೀಟಿ. ಅಳಿಸಿಬಿಡೋಣ ಅಂದರೆ ಮಗಳು ಬಿಡುವುದಿಲ್ಲ.