ಎರಡು ಕೆಜಿ ಡಂಬೆಲ್ ಜೋಡಿ: ಎರಡು ವರ್ಷ ಬಳಸಿದ ಮೇಲೆ

ನನಗೀಗ 51. ಮುಟ್ಟು ನಿಂತು 14 ತಿಂಗಳಾಯಿತು. ಎರಡು ವರ್ಷದ ಹಿಂದೆ ಮೊದಲ ಸಲ ಡಂಬೆಲ್ ಕೊಂಡಾಗ ಮುಟ್ಟು ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ಬಂದರೆ ಹತ್ತು ದಿನ ನಿಲ್ಲುತ್ತಿರಲಿಲ್ಲ. ರಾತ್ರಿ ಮೈ ಬಿಸಿಯೇರಿ, ಬೆವರಿ ಎಚ್ಚರವಾಗುತ್ತಿತ್ತು. ಮಧ್ಯಾಹ್ನ ಮೂರಾಯಿತೆಂದರೆ ಕೈಕಾಲು ಸೋತುಹೋಗುತ್ತಿತ್ತು. ಶಾಲೆಯಲ್ಲಿ ಕೊನೆಯ ಪಿರಿಯಡ್ ಪಾಠವನ್ನು ಕೂತೇ ಮಾಡುತ್ತಿದ್ದೆ.

ಡಂಬೆಲ್ ವಿಷಯಕ್ಕೆ ಬರುವ ಮುಂಚೆ ಇದೊಂದು ಹೇಳಲೇಬೇಕು. ಸುಸ್ತಿಗೆಲ್ಲ ವಯಸ್ಸೇ ಕಾರಣ ಅಂದುಕೊಂಡು ಸುಮ್ನೆ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಆದರೂ ಇರಬೇಕು. ನನಗೆ 9.4 ಇತ್ತು. ಅಷ್ಟು ರಕ್ತ ಹೋದರೆ ಇನ್ನೇನಾಗುತ್ತದೆ ಅಲ್ವಾ? ಥೈರಾಯ್ಡ್ ಸರಿಯಿತ್ತು. ಡಾಕ್ಟರು ಐರನ್ ಮಾತ್ರೆ ಕೊಟ್ಟರು. ಕಾಫಿ, ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಊಟವಾದ ಕೂಡಲೇ ಕುಡಿಯುತ್ತಿದ್ದ ಕಾಫಿಯನ್ನು ಸಂಜೆಗೆ ತಳ್ಳಿದೆ.

ಭಾರ ಎತ್ತಿ ಅಂದವರೂ ಅದೇ ಡಾಕ್ಟರು. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿದ ಹಾಗೆ ಮೂಳೆಯೂ ಸವೆಯುತ್ತದೆ, ಮಾಂಸಖಂಡವೂ ಕರಗುತ್ತದೆ, ಬರೀ ವಾಕಿಂಗ್ ಸಾಲದು ಅಂದರು. ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಮೊದಲು ಕೊಂಡಿದ್ದು ಅಗ್ಗದ್ದು. ಮೇಲೆ ಪ್ಲಾಸ್ಟಿಕ್, ಒಳಗೆ ಸಿಮೆಂಟ್. ಆರೇ ತಿಂಗಳಿಗೆ ಬಿರುಕು ಬಿಟ್ಟು ಹಾಲ್ ತುಂಬ ಪುಡಿ. ಆಮೇಲೆ ರಬ್ಬರ್ ಹೊದಿಕೆಯ, ಆರು ಮೂಲೆಯ ಕಬ್ಬಿಣದ್ದು ತಂದೆ. ಉರುಳುವುದಿಲ್ಲ, ಇವತ್ತಿಗೂ ಒಂದು ಗೀರಿಲ್ಲ. ಮೊದಲ ಎರಡು ವಾರ ರಬ್ಬರ್ ವಾಸನೆ ಜೋರಾಗಿತ್ತು, ಬಾಲ್ಕನಿಯಲ್ಲಿಟ್ಟೆ.

ವಾರಕ್ಕೆ ಮೂರು ದಿನ, 20 ನಿಮಿಷ. ಡಂಬೆಲ್ ಹಿಡಿದು ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ತಲೆ ಮೇಲೆ ಎತ್ತುವುದು, ಬಾಗಿ ಹಿಂದಕ್ಕೆ ಎಳೆಯುವುದು. ಇಷ್ಟೇ. ಮೊದಲ ಎರಡು ತಿಂಗಳು ಏನೂ ಗೊತ್ತಾಗಲಿಲ್ಲ, ನಿಜಕ್ಕೂ ಬೇಜಾರಾಯಿತು. ಮೂರನೇ ತಿಂಗಳಲ್ಲಿ ಒಂದು ದಿನ ಸಂತೆಯಿಂದ ಎರಡು ಚೀಲ ಹೊತ್ತು ಎರಡನೇ ಮಹಡಿಗೆ ಬಂದೆ. ಬಾಗಿಲು ತೆಗೆಯುವಾಗ ನೆನಪಾಯಿತು, ನಡುವೆ ಎಲ್ಲೂ ನಿಂತಿರಲಿಲ್ಲ! ಅಷ್ಟರಲ್ಲಿ ಹಿಮೋಗ್ಲೋಬಿನ್ 11.8ಕ್ಕೆ ಏರಿತ್ತು. ಹಾಗಾಗಿ ಎಲ್ಲ ಡಂಬೆಲ್ ಮಹಿಮೆ ಅಂತ ಹೇಳಲಾರೆ. ಆದರೆ ಮಾತ್ರೆ ನಿಲ್ಲಿಸಿ ವರ್ಷವಾದರೂ ಆ ಕಸುವು ಹಾಗೇ ಇದೆ. ಕೊನೆಯ ಪಿರಿಯಡ್ ಈಗ ನಿಂತೇ ಪಾಠ ಮಾಡುತ್ತೇನೆ.

ಬೆವರುವುದು, ಬಿಸಿಯೇರುವುದು ನನಗೆ ಇದರಿಂದ ಕಮ್ಮಿಯಾಗಲಿಲ್ಲ. ತೂಕವೂ ಇಳಿದಿಲ್ಲ. ನಿದ್ದೆಗೆಟ್ಟ ಮರುದಿನ ನಾನು ಎತ್ತುವುದೂ ಇಲ್ಲ. ಬಿಪಿ ಜಾಸ್ತಿ ಇರುವವರು, ಮೂಳೆ ಸವೆದಿದೆ ಅಂತ ಗೊತ್ತಿರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಈಗ ಎರಡು ಕೆಜಿ ಹಗುರ ಅನಿಸುತ್ತಿದೆ. ಮೂರು ಕೆಜಿ ಜೋಡಿ ತರಿಸಿದ್ದೇನೆ. ಹಳೆಯದನ್ನು 46ರ ನನ್ನ ಓರಗಿತ್ತಿ ಮೊನ್ನೆ ಬಂದು ತೆಗೆದುಕೊಂಡು ಹೋದಳು.