ಎಚ್ಚರಿಕೆ: ಅಂಗಳದ ಮಳೆನೀರನ್ನು ನೇರವಾಗಿ ಕೊಳವೆಬಾವಿಗೆ ಬಿಡಬೇಡಿ

ಮುಂಗಾರು ಹತ್ತಿರವಾಗುತ್ತಿದ್ದಂತೆ ಕೊಪ್ಪಳದ ನಮ್ಮ ಬಡಾವಣೆಯಲ್ಲಿ ಮತ್ತೆ ಒಂದೆರಡು ಮನೆಗಳವರು ಮಳೆನೀರನ್ನು ಕೊಳವೆಬಾವಿಗೆ ತುಂಬಿಸುವ ಕೆಲಸಕ್ಕೆ ಕೈಹಾಕಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಅದೇ ಕೆಲಸವನ್ನು ತಪ್ಪಾಗಿ ಮಾಡಿಸಿ, ನನ್ನ ಮನೆಯ ನೀರನ್ನಷ್ಟೇ ಅಲ್ಲದೆ ಪಕ್ಕದ ಮನೆಯವರ ನೀರನ್ನೂ ಕೆಡಿಸಿದವನು ನಾನು. ಆದ್ದರಿಂದ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ನಮ್ಮ ಕೊಳವೆಬಾವಿ 340 ಅಡಿ ಆಳದ್ದು. ಕೊರೆಸಿದಾಗ ಎರಡು ಇಂಚು ನೀರು ಬಿದ್ದಿತ್ತು. ಬೇಸಿಗೆಯಲ್ಲಿ ಅದು ಅರ್ಧಕ್ಕೆ ಇಳಿಯತೊಡಗಿದಾಗ ಮಳೆನೀರಿನ ಯೋಚನೆ ಬಂತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸಿನ ಮಳೆ. ಆ ಲೆಕ್ಕದಲ್ಲಿ 1,000 ಚದರ ಅಡಿಯ ಮಾಳಿಗೆಯೊಂದರ ಮೇಲೆಯೇ ಸುಮಾರು 55 ಸಾವಿರ ಲೀಟರ್ ನೀರು ಸುರಿಯುತ್ತದೆ. ಅಷ್ಟು ನೀರು ಚರಂಡಿ ಸೇರುತ್ತಿದೆಯಲ್ಲ ಎಂಬ ಸಂಕಟದಲ್ಲಿ, ಕಡಿಮೆ ಹಣಕ್ಕೆ ಎರಡೇ ದಿನದಲ್ಲಿ ಮುಗಿಸಿಕೊಡುತ್ತೇನೆಂದ ಒಬ್ಬ ಗುತ್ತಿಗೆದಾರನಿಗೆ ಕೆಲಸ ಒಪ್ಪಿಸಿದೆ.

ಆತ ಮಾಳಿಗೆಯಿಂದ ಇಳಿಯುವ ಪೈಪನ್ನೂ, ಒಗೆಯುವ ಕಲ್ಲಿನ ಪಕ್ಕದಲ್ಲಿ ಅಂಗಳದ ನೀರು ಕೂಡುವ ಪುಟ್ಟ ತೊಟ್ಟಿಯೊಂದರಿಂದ ಹೊರಟ ಪೈಪನ್ನೂ ಒಂದಾಗಿ ಸೇರಿಸಿ, ಕೊಳವೆಬಾವಿಯ ಮೇಲ್ಭಾಗದಲ್ಲಿ ಮಣ್ಣು ಕುಸಿಯದಂತೆ ಇಳಿಸಿರುವ ಕೇಸಿಂಗ್ ಪೈಪಿಗೆ ತೂತು ಕೊರೆದು ಅದರೊಳಕ್ಕೆ ಬಿಟ್ಟ. ತೊಟ್ಟಿಯ ಬಾಯಿಗೆ ಒಂದು ತಂತಿ ಜಾಲರಿ ಹಾಕಿದ್ದು ಬಿಟ್ಟರೆ ಬೇರೆ ಸೋಸುವ ವ್ಯವಸ್ಥೆಯೇ ಇರಲಿಲ್ಲ. ಕೇಳಿದ್ದಕ್ಕೆ, "ಭೂಮಿತಾಯಿನ ಸೋಸಿಕೊಳ್ತಾಳ್ರಿ ಅಣ್ಣಾರ, ನೀವ್ಯಾಕ ಚಿಂತಿ ಮಾಡ್ತೀರಿ" ಎಂದ. ಕೇಳಲು ಹಿತವಾಗಿದ್ದ ಆ ಮಾತನ್ನು ನಾನು ನಂಬಿದೆ.

ಮೊದಲ ಮಳೆಗಾಲದ ಆರಂಭದಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಪೈಪಿನೊಳಗೆ ನೀರು ಧುಮ್ಮಿಕ್ಕುವ ಸದ್ದು ಕೇಳುತ್ತಾ ನಿಂತು ಖುಷಿಪಟ್ಟಿದ್ದೂ ಉಂಟು. ಸೆಪ್ಟೆಂಬರಿನಲ್ಲಿ ಎರಡು ದಿನ ಬಿಡದೆ ಮಳೆ ಸುರಿದ ಮೇಲೆ ನಲ್ಲಿಯಲ್ಲಿ ಮೊದಲು ಮಬ್ಬು ನೀರು, ಆಮೇಲೆ ಎರೆಮಣ್ಣಿನ ಬಣ್ಣದ ನೀರು ಬರತೊಡಗಿತು. ಒಂದೆರಡು ದಿನಕ್ಕೆ ತಿಳಿಯಾದೀತೆಂದು ಕಾಯುತ್ತಿದ್ದಾಗ ಒಂದು ಮುಂಜಾನೆ ಪಕ್ಕದ ಮನೆಯ ಅಕ್ಕನವರು ನಮ್ಮ ಗೇಟಿನ ಬಳಿ ಕೊಡ ತಂದಿಟ್ಟು, "ರಾತ್ರಿ ತುಂಬಿಟ್ಟಿದ್ದು ನೋಡ್ರಿ ಅಣ್ಣಾರ, ತಳದಾಗ ಏನ್ ಕುಂತೈತಿ" ಎಂದರು. ಬಗ್ಗಿ ನೋಡಿದರೆ ಬೆರಳು ದಪ್ಪದ ಕೆಸರು. ಅವರ ಕೊಳವೆಬಾವಿ ನಮ್ಮದಕ್ಕೆ ಮೂವತ್ತು ಅಡಿ ದೂರದಲ್ಲಿದೆ. ಅವರು ಗದರಲಿಲ್ಲ. ಮನೆಯಲ್ಲಿ ಸಣ್ಣ ಮಗುವಿಗೆ ನಾಲ್ಕು ದಿನದಿಂದ ಭೇದಿಯಾಗುತ್ತಿದೆ ಎಂದಷ್ಟೇ ಹೇಳಿ ಹೋದರು. ಅದು ಈ ನೀರಿನಿಂದಲೇ ಆಯಿತೆಂದು ನಾನು ಹೇಳಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಎರಡೂ ಮನೆಗಳ ನೀರನ್ನು ಪರೀಕ್ಷೆಯ ಸಣ್ಣ ಬಾಟಲಿಗಳಲ್ಲಿ ಹಿಡಿದಿಟ್ಟೆವು. ಮಲದ ಸೂಕ್ಷ್ಮಾಣುಗಳ ಕಲ್ಮಶವಿದ್ದರೆ ಈ ಬಾಟಲಿಯ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಎರಡೂ ಕಪ್ಪಾದವು. ಮಾಳಿಗೆಯ ಮೇಲಿನ ಪಾರಿವಾಳದ ಹಿಕ್ಕೆ, ಅಂಗಳದಲ್ಲಿ ನಾಯಿ ಮಾಡಿದ ಹೊಲಸು, ಒಗೆಯುವ ಕಲ್ಲಿನ ಸಾಬೂನು ನೀರು ಎಲ್ಲವೂ ಹೋಗುತ್ತಿದ್ದದ್ದು ಅದೇ ಪೈಪಿನಲ್ಲಿ.

ಗುತ್ತಿಗೆದಾರನ ಮಾತಿನಲ್ಲಿ ತಪ್ಪೆಲ್ಲಿತ್ತು ಎಂಬುದು ಆಮೇಲೆ ಅರ್ಥವಾಯಿತು. ಮೇಲ್ಮಣ್ಣಿನ ಮೂಲಕ ನಿಧಾನವಾಗಿ ಇಳಿಯುವ ನೀರನ್ನು ಭೂಮಿ ಸೋಸುವುದು ನಿಜ. ಆದರೆ ಕೇಸಿಂಗ್ ಪೈಪಿನೊಳಕ್ಕೆ ಸುರಿದ ನೀರು ಆ ಮಣ್ಣನ್ನು ಮುಟ್ಟದೆಯೇ ನೇರವಾಗಿ ಬಂಡೆಗೆ ಇಳಿಯುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಬಹುಭಾಗದಲ್ಲಿ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಶಿಲೆ. ಅದರ ಬಿರುಕುಗಳಲ್ಲಷ್ಟೇ ನೀರು ಓಡಾಡುತ್ತದೆ. ಒಂದೇ ಬಿರುಕು ಎರಡು ಮೂರು ಮನೆಗಳ ಬಾವಿಗಳಿಗೆ ನೀರುಣಿಸುವುದೂ ಉಂಟು. ಎರೆಮಣ್ಣಿನ ಕಣಗಳಂತೂ ಎಷ್ಟು ನುಣ್ಣಗಿರುತ್ತವೆಂದರೆ ಜಾಲರಿ ಅವುಗಳನ್ನು ತಡೆಯುವ ಮಾತೇ ಇಲ್ಲ. ಅವು ಬಿರುಕುಗಳಲ್ಲಿ ಕುಳಿತರೆ ಒಳಗೆ ಕೈಹಾಕಿ ತೆಗೆಯುವ ದಾರಿಯಿಲ್ಲ. 133 ಟಿಎಂಸಿ ಅಡಿಯಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ ಎಂದು ನಾವೆಲ್ಲ ಎಷ್ಟೋ ವರ್ಷಗಳಿಂದ ಮರುಗುತ್ತಿದ್ದೇವೆ. ಅದೇ ಹೂಳನ್ನು ನಾನು ಆರೂವರೆ ಇಂಚಿನ ಕೊಳವೆಗೆ ಕೈಯಾರೆ ತುಂಬಿಸುತ್ತಿದ್ದೆ.

ಕೆಸರಿಗೆ ಸಬ್‌ಮರ್ಸಿಬಲ್ ಮೋಟರ್ ಸಿಕ್ಕಿಕೊಂಡು ಸುಟ್ಟುಹೋಯಿತು. ಕಂಪ್ರೆಸರ್ ತರಿಸಿ ಎರಡೂ ಬಾವಿಗಳನ್ನು ನನ್ನ ಖರ್ಚಿನಲ್ಲೇ ಫ್ಲಶ್ ಮಾಡಿಸಿ, ಬ್ಲೀಚಿಂಗ್ ಪುಡಿಯಿಂದ ಶುದ್ಧಗೊಳಿಸಿ, ಮರುಪರೀಕ್ಷೆ ಮಾಡಿಸುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ನೀರು ತಿಳಿಯಾಯಿತು, ಆದರೆ ನಮ್ಮ ಎರಡು ಇಂಚು ಒಂದಕ್ಕೆ ಇಳಿದದ್ದು ಮರಳಿ ಏರಲಿಲ್ಲ. ಪಕ್ಕದ ಮನೆಯ ಅಕ್ಕನವರು ಈಗಲೂ ದೊಡ್ಡ ಮಳೆಯ ಮರುದಿನ ಮೊದಲ ಕೊಡವನ್ನು ಕಟ್ಟೆಯ ಮೇಲಿಟ್ಟು, ತಳ ನೋಡಿಯೇ ಉಳಿದದ್ದನ್ನು ತುಂಬಿಕೊಳ್ಳುತ್ತಾರೆ.

ಈಗ ನಮ್ಮಲ್ಲಿ ಮಾಳಿಗೆಯ ನೀರು ಮಾತ್ರ, ಅದೂ ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟ ಮೇಲೆ, ಜಲ್ಲಿ, ಇದ್ದಿಲು ಮತ್ತು ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ಹೋಗುತ್ತದೆ. ಅಂಗಳದ ನೀರು ಕಾಲುವೆಯಂತೆ ತೋಡಿದ ತಗ್ಗಿನಲ್ಲಿ ಹರಿದು ನುಗ್ಗೆ ಮತ್ತು ಕರಿಬೇವಿನ ಬುಡದಲ್ಲಿ ಇಂಗುತ್ತದೆ. ಗಿಡಗಳಿಗೆ ಮಣ್ಣುನೀರಿನಿಂದ ಕೇಡಿಲ್ಲ. ಕೇಸಿಂಗ್ ಪೈಪಿನ ತೂತನ್ನು ಮುಚ್ಚಿಸಿ, ಅದರ ಬಾಯನ್ನು ನೆಲದಿಂದ ಒಂದೂವರೆ ಅಡಿ ಎತ್ತರಿಸಿ, ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿದ್ದೇನೆ.

ಬಾವಿಗೇ ನೀರು ಇಳಿಸಬೇಕೆನ್ನುವವರು ಗುತ್ತಿಗೆದಾರನನ್ನಷ್ಟೇ ನಂಬದೆ ಅಂತರ್ಜಲ ಬಲ್ಲವರಿಂದ ಜಾಗ ನೋಡಿಸಿ, ಕಲ್ಲು, ಜಲ್ಲಿ ಮತ್ತು ಮರಳಿನ ಪದರಗಳಿರುವ ಇಂಗುಗುಂಡಿಯನ್ನು ಸರಿಯಾಗಿ ಮಾಡಿಸಿರಿ; ವರ್ಷಕ್ಕೊಮ್ಮೆ ಮೇಲಿನ ಮರಳನ್ನು ತೆಗೆದು ತೊಳೆಯುವ ಹೊಣೆ ಯಾರದೆಂದು ಮೊದಲೇ ಗೊತ್ತು ಮಾಡಿಕೊಳ್ಳಿರಿ. ಈಗಾಗಲೇ ಮಾಡಿಸಿರುವವರು ಒಮ್ಮೆ ಹೊರಗೆ ಹೋಗಿ ಪೈಪಿನ ಹಾದಿಯನ್ನು ಕೊನೆಯವರೆಗೂ ಹಿಡಿದು ನೋಡಿರಿ. ನೆಲದ ಮೇಲೆ ಹರಿದ ನೀರು ಅದರಲ್ಲಿ ಹೊಕ್ಕು ನೇರವಾಗಿ ಕೇಸಿಂಗ್ ಪೈಪಿಗೆ ಸೇರುತ್ತಿದ್ದರೆ, ಮುಂದಿನ ಮಳೆಗೆ ಮುಂಚೆಯೇ ಅದನ್ನು ಕಳಚಿಸಿರಿ.