ಕೊರೊಲಾ, ಗಾಲ್ಫ್, ಐ30: ಹೆಸರಿಗೂ ಗಾಡಿಗೂ ನಡುವಿನ ಅಂತರ

2011ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಫೋಕ್ಸ್‌ವ್ಯಾಗನ್ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ಅವರು ಹ್ಯುಂಡೈ ಮಳಿಗೆಗೆ ಹೋಗಿ, ಆಗಷ್ಟೇ ಪ್ರದರ್ಶನಕ್ಕಿಟ್ಟಿದ್ದ ಹೊಸ ಐ30 ಕಾರಿನೊಳಗೆ ಕುಳಿತು, ಸ್ಟೀರಿಂಗ್‌ನ ಎತ್ತರ ಹೊಂದಿಸುವ ಹಿಡಿಕೆಯನ್ನು ಎಳೆದು ನೋಡಿದರು. ಯಾವ ಸದ್ದೂ ಬರಲಿಲ್ಲ. ಕೂಡಲೇ ತಮ್ಮ ಸಹೋದ್ಯೋಗಿಯನ್ನು ಕರೆದು, ಇಲ್ಲಿ ಏನೂ ಗಡಗಡ ಅನ್ನುವುದಿಲ್ಲ, ಇವರಿಗೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಾಗಿಲ್ಲ ಎಂಬ ಅರ್ಥದಲ್ಲಿ ಗದರಿದ್ದು ವಿಡಿಯೊದಲ್ಲಿ ಸೆರೆಯಾಗಿ ಜಗತ್ತೆಲ್ಲ ಹರಿದಾಡಿತು. 2018ರೊಳಗೆ ಜಗತ್ತಿನ ಮೊದಲ ಸ್ಥಾನಕ್ಕೇರುವ ಗುರಿಯನ್ನು ಬಹಿರಂಗವಾಗಿ ಘೋಷಿಸಿಕೊಂಡಿದ್ದ ಕಂಪನಿಯ ಮುಖ್ಯಸ್ಥರು, ಪೈಪೋಟಿಯ ನಿಜವಾದ ಸುದ್ದಿಯನ್ನು ಮಾರಾಟದ ಪಟ್ಟಿಯಲ್ಲಿ ಹುಡುಕದೆ ಒಂದು ಹಿಡಿಕೆಯ ಮೌನದಲ್ಲಿ ಕಂಡುಕೊಂಡರು ಎಂಬುದು ನನಗೆ ಇಂದಿಗೂ ಕುತೂಹಲದ ಸಂಗತಿ.

ಹಳೆಯ ಕಾರನ್ನು ಮಾರಿ ಇನ್ನೊಂದನ್ನು ಕೊಳ್ಳಬೇಕಾಗಿ ಬಂದಾಗ ನಾನೂ ಅಂಥದೇ ಪರೀಕ್ಷೆಗೆ ಇಳಿದೆ. ಶೋರೂಮಿನಲ್ಲಿ ಹೊಳೆಯುವ ಹೊಸ ಗಾಡಿಗಳನ್ನು ನೋಡುವುದರಿಂದ ಗುಣಮಟ್ಟ ತಿಳಿಯುವುದಿಲ್ಲವೆಂದು ನನ್ನ ನಂಬಿಕೆಯಾದ್ದರಿಂದ, ನಾಲ್ಕೈದು ವರ್ಷ ಓಡಿ ಎಪ್ಪತ್ತು ಸಾವಿರ ಕಿಲೋಮೀಟರು ದಾಟಿದ ಮೂರು ಗಾಡಿಗಳನ್ನು ತಲಾ ಒಂದು ವಾರ ಓಡಿಸಿದೆ: ಟೊಯೊಟಾ ಕೊರೊಲಾ 1.8 ಹೈಬ್ರಿಡ್, ಏಳನೆಯ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ 1.5 ಪೆಟ್ರೋಲ್, ಮೂರನೆಯ ತಲೆಮಾರಿನ ಹ್ಯುಂಡೈ ಐ30 1.4 ಟರ್ಬೊ ಪೆಟ್ರೋಲ್. ಕೊನೆಯ ಎರಡೂ ಆರು ಗೇರಿನ ಮ್ಯಾನ್ಯುಯಲ್ ಗಾಡಿಗಳು. ದಾರಿ ಒಂದೇ, ಅರ್ಧ ಹೆದ್ದಾರಿ, ಉಳಿದದ್ದು ಸಿಗ್ನಲ್‌ಗಳಿಂದ ತುಂಬಿದ ಪೇಟೆಯ ರಸ್ತೆ, ಕೊನೆಯಲ್ಲಿ ಡಾಂಬರು ಕಿತ್ತುಹೋದ ಮೂರು ಕಿಲೋಮೀಟರು. ಪ್ರತಿ ಬಾರಿಯೂ ಟೈರಿನ ಗಾಳಿ ನೋಡಿ, ಟ್ಯಾಂಕು ತುಂಬಿಸಿ ಹೊರಟು, ಮತ್ತೆ ತುಂಬಿಸಿ ಲೆಕ್ಕ ಹಾಕಿದೆ.

ಮೊದಲು ಮಾರಾಟದ ಮಾತು, ಏಕೆಂದರೆ ಕೊಳ್ಳುವವರ ಕಿವಿಗೆ ಮೊದಲು ಬೀಳುವುದು ಅದೇ. 1931ರಿಂದ ಮೊದಲ ಸ್ಥಾನದಲ್ಲಿದ್ದ ಜನರಲ್ ಮೋಟಾರ್ಸ್ ಅನ್ನು ಟೊಯೊಟಾ 2008ರಲ್ಲಿ ಹಿಂದಿಕ್ಕಿತು; 2011ರಲ್ಲಿ ಜಪಾನಿನ ಭೂಕಂಪ ಮತ್ತು ಥಾಯ್ಲೆಂಡಿನ ಪ್ರವಾಹಗಳಿಂದ ಬಿಡಿಭಾಗಗಳ ಪೂರೈಕೆ ನಿಂತುಹೋಗಿ ಆ ಸ್ಥಾನ ಕೈಬಿಟ್ಟಿತು; ಮುಂದಿನ ವರ್ಷ ಮರಳಿ ಪಡೆಯಿತು; 2016ರಲ್ಲಿ ಫೋಕ್ಸ್‌ವ್ಯಾಗನ್ ಸಮೂಹ ಮೇಲೇರಿತು; 2020ರಲ್ಲಿ ಟೊಯೊಟಾ ಮತ್ತೆ ಬಂತು. 2023ರಲ್ಲಿ ಟೊಯೊಟಾ ಸಮೂಹ ಸುಮಾರು 1.12 ಕೋಟಿ, ಫೋಕ್ಸ್‌ವ್ಯಾಗನ್ ಸಮೂಹ ಸುಮಾರು 92 ಲಕ್ಷ, ಕಿಯಾವನ್ನೂ ಸೇರಿಸಿಕೊಂಡ ಹ್ಯುಂಡೈ ಸಮೂಹ ಸುಮಾರು 73 ಲಕ್ಷ ವಾಹನಗಳನ್ನು ಮಾರಿದವು. ಈ ಲೆಕ್ಕದಲ್ಲಿ ಟೊಯೊಟಾದವರು ತಮ್ಮ ಸಮೂಹದ ಡೈಹಾಟ್ಸು ಮತ್ತು ಹೀನೊಗಳನ್ನೂ, ಫೋಕ್ಸ್‌ವ್ಯಾಗನ್‌ನವರು ಸ್ಕ್ಯಾನಿಯಾ, ಮ್ಯಾನ್ ಲಾರಿಗಳನ್ನೂ ಸೇರಿಸಿಕೊಂಡಿದ್ದರು. 2017ರಲ್ಲಿ ರೆನೊ, ನಿಸಾನ್, ಮಿತ್ಸುಬಿಷಿ ಕೂಟವು ಭಾರಿ ಲಾರಿಗಳನ್ನು ಬಿಟ್ಟು ಎಣಿಸಿದರೆ ತಾನೇ ಮೊದಲೆಂದು ಹೇಳಿಕೊಂಡದ್ದೂ ಉಂಟು. ಒಬ್ಬ ಕೊಳ್ಳುಗನಿಗೆ ಇದರಿಂದ ಸಿಗುವ ತಿಳಿವಳಿಕೆ ಅತ್ಯಲ್ಪ. ಕೊರೊಲಾ ಎಂಬ ಹೆಸರಿನಲ್ಲಿ 1966ರಿಂದ 2021ರವರೆಗೆ ಐದು ಕೋಟಿಗೂ ಹೆಚ್ಚು ಕಾರುಗಳು ಮಾರಾಟವಾಗಿವೆಯೆಂಬುದು ನಿಜವಾದರೂ, ಮೊದಲ ಕೊರೊಲಾಕ್ಕೂ ನಾನು ಓಡಿಸಿದ ಹನ್ನೆರಡನೆಯ ತಲೆಮಾರಿನದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಮೂಲ ವಿನ್ಯಾಸವನ್ನು ಬದಲಿಸದೆ 2003ರವರೆಗೆ 2.15 ಕೋಟಿ ತಯಾರಾದ ಫೋಕ್ಸ್‌ವ್ಯಾಗನ್ ಬೀಟಲ್‌ನ ಸಾಧನೆ ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು.

ಗಾಡಿ ಓಡಿಸುವ ಮಾತಿಗೆ ಬಂದರೆ, ಗಾಲ್ಫ್ ಹತ್ತಿದ ಮೊದಲ ಹತ್ತು ನಿಮಿಷಗಳಲ್ಲೇ ಮನಸ್ಸನ್ನು ಒಲಿಸಿಕೊಳ್ಳುತ್ತದೆ. ಬಾಗಿಲು ಮುಚ್ಚುವಾಗಿನ ತೂಕವಾದ ಧಪ್ ಎಂಬ ಸದ್ದು, ಬೆನ್ನಿಗೆ ಸರಿಯಾಗಿ ಒತ್ತು ಕೊಡುವ ಸೀಟು, ಎರಡು ಬೆರಳಿಗೆ ದಕ್ಕುವ ಗೇರು, ಹೆದ್ದಾರಿಯಲ್ಲಿ ಕೈಬಿಟ್ಟರೂ ಅಲುಗದಂತಿರುವ ಸ್ಟೀರಿಂಗಿನ ನೇರ, ಇವೆಲ್ಲ ಎಂಬತ್ತು ಸಾವಿರ ಕಿಲೋಮೀಟರು ಓಡಿದ ಗಾಡಿಯಲ್ಲೂ ಮಾಸಿರಲಿಲ್ಲ. ಹೆಚ್ಚು ಭಾರವಿಲ್ಲದೆ ಸಾಗುವಾಗ ಇಂಜಿನ್ನಿನ ನಾಲ್ಕು ಸಿಲಿಂಡರುಗಳಲ್ಲಿ ಎರಡು ತಾವಾಗಿಯೇ ವಿಶ್ರಮಿಸುತ್ತವೆ. ಮೀಟರಿನಲ್ಲಿ ಬರಹ ಕಾಣಿಸದಿದ್ದರೆ ಅದು ನನ್ನ ಗಮನಕ್ಕೇ ಬರುತ್ತಿರಲಿಲ್ಲ. ನಾನು ಓಡಿಸಿದ ಮೂರರಲ್ಲೂ ಹಿಂದಿನ ಚಕ್ರಗಳಿಗೆ ಒಂದೊಂದನ್ನೂ ಹಲವು ಸರಳುಗಳಿಂದ ಹಿಡಿಯುವ ಮಲ್ಟಿಲಿಂಕ್ ಸಸ್ಪೆನ್ಷನ್ನೇ ಇದ್ದರೂ, ಕಿತ್ತುಹೋದ ರಸ್ತೆಯಲ್ಲಿ ಗುಂಡಿಯನ್ನು ನುಂಗಿ ಮರುಕ್ಷಣವೇ ನೆಟ್ಟಗಾಗುವ ಗುಣ ಗಾಲ್ಫ್‌ನಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಒಂದು ಲೀಟರಿಗೆ ಹದಿನಾರು ಕಿಲೋಮೀಟರಿನಷ್ಟು ಕೊಟ್ಟಿತು. ಮುಂದಿನ, ಅಂದರೆ ಎಂಟನೆಯ, ತಲೆಮಾರಿನಲ್ಲಿ ಕಂಪನಿಯವರು ಒತ್ತುವ ಗುಂಡಿಗಳನ್ನು ತೆಗೆದು ಬೆರಳು ಸವರುವ ಪಟ್ಟಿಗಳನ್ನು ಇಟ್ಟು, ವ್ಯಾಪಕ ಟೀಕೆಗೆ ಗುರಿಯಾಗಿ, 2024ರ ಪರಿಷ್ಕರಣೆಯಲ್ಲಿ ಸ್ಟೀರಿಂಗ್ ಮೇಲೆ ನಿಜವಾದ ಗುಂಡಿಗಳನ್ನು ಮರಳಿ ತಂದರು. ನಾನು ಏಳನೆಯದನ್ನೇ ಹುಡುಕಿ ತಂದದ್ದಕ್ಕೆ ಅದೂ ಒಂದು ಕಾರಣ.

ಕೊರೊಲಾದ ಗುಣ ಹತ್ತು ನಿಮಿಷದಲ್ಲಿ ತಿಳಿಯುವಂಥದ್ದಲ್ಲ. ಮೊದಲ ದಿನ ಅದು ನೀರಸವೆನ್ನಿಸಿತು. ನಾಲ್ಕನೆಯ ದಿನದ ಹೊತ್ತಿಗೆ ಪೇಟೆಯ ದಟ್ಟಣೆಯಲ್ಲಿ ಅದಕ್ಕಿಂತ ಹಿತವಾದ ಗಾಡಿ ಬೇರೆ ಇಲ್ಲವೆನ್ನಿಸಿತು. 1997ರ ಪ್ರಿಯಸ್‌ನಿಂದ ಹಂತಹಂತವಾಗಿ ತಿದ್ದಿಕೊಂಡು ಬಂದ ಈ ಹೈಬ್ರಿಡ್ ವ್ಯವಸ್ಥೆಯಲ್ಲಿ ಇಂಜಿನ್ ಮತ್ತು ಎರಡು ಮೋಟಾರುಗಳನ್ನು ಒಂದು ಗ್ರಹಚಕ್ರ ಗೇರು ಜೋಡಿಸುತ್ತದೆ. ಹೊರಗಿನಿಂದ ನೋಡಿದರೆ ಬಲು ಜಟಿಲವೆನ್ನಿಸುವ ಈ ರಚನೆ ಯಾಂತ್ರಿಕವಾಗಿ ಮಾಮೂಲಿ ಆಟೊಮ್ಯಾಟಿಕ್ ಗಾಡಿಗಿಂತ ಸರಳ. ಸವೆಯುವ ಕ್ಲಚ್ಚಿಲ್ಲ, ಪ್ರತ್ಯೇಕ ಸ್ಟಾರ್ಟರ್ ಮೋಟಾರಿಲ್ಲ, ಆಲ್ಟರ್ನೇಟರೂ ಇಲ್ಲ. ವೇಗ ತಗ್ಗಿಸುವ ಕೆಲಸದ ಹೆಚ್ಚಿನ ಪಾಲನ್ನು ಮೋಟಾರು ಬ್ಯಾಟರಿ ತುಂಬಿಸುತ್ತಲೇ ನಿರ್ವಹಿಸುವುದರಿಂದ ಬ್ರೇಕ್ ಪ್ಯಾಡುಗಳೂ ಬಹುಕಾಲ ಬರುತ್ತವೆ. ನನ್ನ ಕೈಗೆ ಬಂದ ಗಾಡಿಯಲ್ಲಿ ಅವು ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು. ಕೆಡಬಹುದಾದ ವಸ್ತುವನ್ನೇ ತೆಗೆದುಹಾಕುವುದು ಬಾಳಿಕೆಯ ಅತ್ಯುತ್ತಮ ಉಪಾಯವೆಂದು ನನಗೆ ಮನದಟ್ಟಾದದ್ದು ಈ ಗಾಡಿಯಿಂದ. ಏರಿನಲ್ಲಿ ಒತ್ತಿ ತುಳಿದರೆ ಇಂಜಿನ್ ಒಂದೇ ಸ್ವರ ಹಿಡಿದು ಕೂಗುತ್ತದೆ. ಗೇರುಗಳ ಮೆಟ್ಟಿಲಿಲ್ಲದ ರಚನೆಯ ಸ್ವಭಾವವದು, ದೋಷವಲ್ಲ. ಲೀಟರಿಗೆ ಇಪ್ಪತ್ತೊಂದು ಕಿಲೋಮೀಟರು ನೋಡಿದ ಮೇಲೆ ಆ ಸ್ವರವನ್ನು ಕ್ಷಮಿಸುವುದು ಕಷ್ಟವಾಗಲಿಲ್ಲ.

ಐ30 ಬಗ್ಗೆ ನನ್ನಲ್ಲಿ ಪೂರ್ವಗ್ರಹವಿತ್ತೆಂದು ಒಪ್ಪಿಕೊಳ್ಳಬೇಕು. 1986ರಲ್ಲಿ ಅಮೆರಿಕಕ್ಕೆ ಹೋದ ಹ್ಯುಂಡೈನ ಎಕ್ಸೆಲ್ ಕಾರು ಅಗ್ಗದ ಬೆಲೆಯಿಂದ ಮೊದಲು ಭರ್ಜರಿಯಾಗಿ ಮಾರಾಟವಾಗಿ, ಬಳಿಕ ಬಾಳಿಕೆಯ ಕೊರತೆಯಿಂದ ನಗೆಪಾಟಲಾದ ಕಥೆಯನ್ನು ಕೇಳಿಯೇ ಬೆಳೆದ ತಲೆಮಾರು ನಮ್ಮದು. ಆದರೆ ನಾನು ಓಡಿಸಿದ ಗಾಡಿಗೂ ಆ ಕಥೆಗೂ ಯಾವ ಹೋಲಿಕೆಯೂ ಇರಲಿಲ್ಲ. ಗಾಲ್ಫ್‌ನ ಸ್ಟೀರಿಂಗಿನಲ್ಲಿದ್ದ ಸೂಕ್ಷ್ಮತೆ ಇದರಲ್ಲಿಲ್ಲ, ಕೊರೊಲಾದ ಮೈಲೇಜೂ ಇಲ್ಲ. ಲೀಟರಿಗೆ ಹದಿನೈದು ಸಿಕ್ಕಿತು. ಆದರೂ ಡ್ಯಾಶ್‌ಬೋರ್ಡಿನ ಜೋಡಣೆ, ಕೈಗೆ ಸಿಗುವಲ್ಲೇ ಇರುವ ಏಸಿ ಗುಂಡಿಗಳು, ಹಾಳು ರಸ್ತೆಯಲ್ಲೂ ಬಾಯಿ ಬಿಡದ ಒಳಾಂಗಣ, ಇವುಗಳಲ್ಲಿ ಅದು ಗಾಲ್ಫ್‌ಗೆ ಭುಜಕ್ಕೆ ಭುಜ ಕೊಟ್ಟು ನಿಂತಿತು. ಸ್ಟೀರಿಂಗಿನ ಹಿಡಿಕೆಯನ್ನು ನಾನೂ ಎಳೆದು ನೋಡಿದೆ. ವಿಂಟರ್‌ಕಾರ್ನ್ ಹೇಳಿದ್ದು ಮುಂದಿನ ತಲೆಮಾರಿಗೂ ಅನ್ವಯಿಸುತ್ತಿತ್ತು. ಇನ್ನೊಂದು ಸ್ವಾರಸ್ಯವಿದೆ: 1974ರ ಮೊದಲ ಗಾಲ್ಫ್ ಮತ್ತು ಮರುವರ್ಷ ಕಾರ್ಖಾನೆಯಿಂದ ಹೊರಬಂದ ಹ್ಯುಂಡೈನ ಮೊದಲ ಸ್ವಂತ ಮಾದರಿ ಪೋನಿ, ಎರಡರ ರೂಪವನ್ನೂ ಬರೆದವರು ಇಟಲಿಯ ಜೊರ್ಜೆಟ್ಟೊ ಜುಜಾರೊ ಒಬ್ಬರೇ. ಪೋನಿಯ ಇಂಜಿನ್ ಮಿತ್ಸುಬಿಷಿಯವರದು. ಹೊರಗಿನಿಂದ ತಂದದ್ದನ್ನು ಕಲಿತು ತಮ್ಮದಾಗಿಸಿಕೊಳ್ಳುವ ಅದೇ ರೀತಿಯಲ್ಲಿ, ಫೋಕ್ಸ್‌ವ್ಯಾಗನ್‌ನಿಂದ ವಿನ್ಯಾಸಕಾರ ಪೀಟರ್ ಶ್ರೇಯರ್ 2006ರಲ್ಲಿ ಕಿಯಾಕ್ಕೂ, ಬಿಎಂಡಬ್ಲ್ಯು‌ನಿಂದ ಇಂಜಿನಿಯರ್ ಆಲ್ಬರ್ಟ್ ಬಿಯರ್ಮನ್ 2015ರಲ್ಲಿ ಹ್ಯುಂಡೈಗೂ ಬಂದರು.

ಗುಣಮಟ್ಟ ಎಂಬ ಒಂದೇ ಪದವನ್ನು ನಾವು ಕನಿಷ್ಠ ಎರಡು ಬೇರೆ ವಿಷಯಗಳಿಗೆ ಬಳಸುತ್ತೇವೆ. ಜೆ.ಡಿ. ಪವರ್ ಸಂಸ್ಥೆಯ ಆರಂಭಿಕ ಗುಣಮಟ್ಟದ ಸಮೀಕ್ಷೆ ಕೊಂಡ ಮೊದಲ 90 ದಿನಗಳಲ್ಲಿ ನೂರು ಗಾಡಿಗಳಿಗೆ ಎಷ್ಟು ತೊಂದರೆಗಳು ವರದಿಯಾದವೆಂದು ಎಣಿಸುತ್ತದೆ. ಫೋನು ಕಾರಿಗೆ ಜೋಡಣೆಯಾಗದಿದ್ದರೂ ಅದೊಂದು ತೊಂದರೆ, ಗೇರು ಬೀಳದಿದ್ದರೂ ಅದೊಂದು ತೊಂದರೆ. 2004ರಲ್ಲಿ ಈ ಸಮೀಕ್ಷೆಯಲ್ಲಿ ಹ್ಯುಂಡೈ ಹೊಂಡಾಕ್ಕೆ ಸಮನಾಗಿ ನಿಂತಾಗ ಹಲವರು ಹುಬ್ಬೇರಿಸಿದ್ದರು. ಮೂರು ವರ್ಷ ಹಳೆಯದಾದ ಗಾಡಿಗಳ ಬಾಳಿಕೆಗೆ ಬೇರೆ ಸಮೀಕ್ಷೆಯೇ ಇದೆ. ನನ್ನ ಹಿಂದಿನ ಕಾರು, ಈ ಮೂರೂ ಅಲ್ಲದ ಒಂದು ಕಂಪನಿಯದು, ಮೊದಲ ಎರಡು ವರ್ಷ ಒಂದು ಬಲ್ಬನ್ನೂ ಕೇಳದೆ ಓಡಿ, ವಾರಂಟಿ ಮುಗಿದ ಮರುತಿಂಗಳಿನಿಂದ ಪವರ್ ವಿಂಡೋಗಳನ್ನು ಒಂದೊಂದಾಗಿ ಕಳೆದುಕೊಳ್ಳತೊಡಗಿತು. ಗಾಜನ್ನು ಹಿಡಿದ ಪ್ಲಾಸ್ಟಿಕ್ ಕೊಂಡಿ ಮುರಿದು ಗಾಜು ಬಾಗಿಲೊಳಗೆ ಬೀಳುತ್ತಿತ್ತು. ಕೊಂಡಿಯೊಂದನ್ನೇ ಮಾರುವುದಿಲ್ಲ, ಮೋಟಾರು ಸಮೇತ ಇಡೀ ಜೋಡಣೆ ಕೊಳ್ಳಬೇಕೆಂದು ಸರ್ವೀಸ್ ಸೆಂಟರಿನವರು ಹೇಳುತ್ತಿದ್ದರು. ಮೂರನೆಯ ಬಾರಿ ನಾನೇ ತಂತಿ ಕಟ್ಟಿಕೊಂಡೆ. ಹೊಸತಿನಲ್ಲಿ ಸಮೀಕ್ಷೆಗೆ ಉತ್ತರಿಸಿದ್ದರೆ ಆ ಗಾಡಿಗೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ.

ಮಾರಾಟದ ಗಾತ್ರಕ್ಕೂ ಗುಣಮಟ್ಟಕ್ಕೂ ಇರುವ ಸಂಬಂಧ ಇನ್ನೂ ತೊಡಕಿನದು. ಗಾಲ್ಫ್‌ನ ಅಡಿಪಾಯವಾದ ಎಂಕ್ಯುಬಿ ವಿನ್ಯಾಸದ ಮೇಲೆಯೇ ಆಡಿ ಎ3, ಸ್ಕೋಡಾ ಆಕ್ಟೇವಿಯಾ, ಸೆಯಾಟ್ ಲಿಯೋನ್‌ಗಳೂ ನಿಂತಿವೆ, ಟೊಯೊಟಾದ ಅಂಥದೇ ಹಂಚಿಕೆಯ ವಿನ್ಯಾಸ ಟಿಎನ್‌ಜಿಎ. ಒಂದೇ ಬಿಡಿಭಾಗವನ್ನು ಲಕ್ಷಗಟ್ಟಲೆ ತಯಾರಿಸಿದಾಗ ಅದನ್ನು ಚೆನ್ನಾಗಿ ಪರೀಕ್ಷಿಸಲು ಹಣ ಒದಗುತ್ತದೆ, ನಿಜ. ಆದರೆ ಅದರಲ್ಲೊಂದು ಕೊರತೆ ನುಸುಳಿದರೆ ಅದೂ ಲಕ್ಷಗಟ್ಟಲೆಯಾಗಿಯೇ ಹರಡುತ್ತದೆ. 2013ರಲ್ಲಿ ಫೋಕ್ಸ್‌ವ್ಯಾಗನ್ ತನ್ನ ಡಿಎಸ್‌ಜಿ ಎಂಬ ಸ್ವಯಂಚಾಲಿತ ಗೇರ್‌ಬಾಕ್ಸಿನ ದೋಷದ ಸಲುವಾಗಿ ಚೀನಾವೊಂದರಲ್ಲೇ ಸುಮಾರು 3.8 ಲಕ್ಷ ಗಾಡಿಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಟಕಾಟ ಕಂಪನಿಯ ದೋಷಯುಕ್ತ ಏರ್‌ಬ್ಯಾಗುಗಳು ಪೈಪೋಟಿಯಲ್ಲಿದ್ದ ಹತ್ತಾರು ಕಂಪನಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದವು. 2010ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ತಿನ ಮುಂದೆ, ಗಾಡಿಗಳ ದೋಷಗಳಿಗೆ ಉತ್ತರಿಸಲು ಹಾಜರಾದ ಟೊಯೊಟಾದ ಆಗಿನ ಅಧ್ಯಕ್ಷ ಅಕಿಯೊ ಟೊಯೊಡಾ, ಕಂಪನಿಯ ಬೆಳವಣಿಗೆಯ ವೇಗ ತಮ್ಮ ಜನರನ್ನೂ ಸಂಸ್ಥೆಯನ್ನೂ ಸಜ್ಜುಗೊಳಿಸುವ ವೇಗವನ್ನು ಮೀರಿರಬಹುದೆಂದು ಒಪ್ಪಿಕೊಂಡರು. ಎಳೆ ತುಂಡಾದೊಡನೆ ತಾನಾಗಿಯೇ ನಿಲ್ಲುವ ಮಗ್ಗವನ್ನು ರೂಪಿಸಿದ ಸಕಿಚಿ ಟೊಯೊಡಾ ಅವರ ವಂಶದವರು ಹೀಗೆ ಹೇಳಬೇಕಾಗಿ ಬಂದದ್ದು ಸಣ್ಣ ಮಾತಲ್ಲ. ತಪ್ಪು ಕಂಡಲ್ಲೇ ಕೆಲಸ ನಿಲ್ಲಿಸುವ ಆ ತತ್ವದ ಮೇಲೆಯೇ ಟೊಯೊಟಾ ಕಾರ್ಖಾನೆಗಳ ಪದ್ಧತಿ ಬೆಳೆದದ್ದು.

ಹೆಸರಿನ ವಿಷಯಕ್ಕೆ ಬಂದರೆ ಮೂವರಲ್ಲಿ ಯಾರ ಬಟ್ಟೆಯೂ ಪೂರ್ತಿ ಶುಭ್ರವಲ್ಲ. ಪರೀಕ್ಷೆಯ ಸಮಯದಲ್ಲಿ ಮಾತ್ರ ಹೊಗೆಯನ್ನು ತಗ್ಗಿಸುವ ಸಾಫ್ಟ್‌ವೇರನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಗಾಡಿಗಳಲ್ಲಿ ಫೋಕ್ಸ್‌ವ್ಯಾಗನ್ ಅಳವಡಿಸಿದ್ದು 2015ರ ಸೆಪ್ಟೆಂಬರಿನಲ್ಲಿ ಬಯಲಾಗಿ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ಮೈಲೇಜನ್ನು ಹೆಚ್ಚಿಸಿ ಹೇಳಿದ್ದಕ್ಕೆ ಹ್ಯುಂಡೈ ಮತ್ತು ಕಿಯಾ 2014ರಲ್ಲಿ ಅಮೆರಿಕದಲ್ಲಿ 10 ಕೋಟಿ ಡಾಲರ್ ದಂಡ ತೆತ್ತವು. ಟೊಯೊಟಾದ ಒಡೆತನದ ಡೈಹಾಟ್ಸು 64 ಮಾದರಿಗಳ ಸುರಕ್ಷತಾ ಪರೀಕ್ಷೆಗಳಲ್ಲಿ ಅಕ್ರಮ ನಡೆಸಿದ್ದು 2023ರ ಡಿಸೆಂಬರಿನಲ್ಲಿ ಹೊರಬಿತ್ತು. ಇಷ್ಟಾದರೂ, ಹಗರಣದ ಮರುವರ್ಷವೇ ಫೋಕ್ಸ್‌ವ್ಯಾಗನ್ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು ಎಂಬುದನ್ನು ಗಮನಿಸಬೇಕು. ಹೆಸರು ನಿಧಾನವಾಗಿ ಕಟ್ಟುತ್ತದೆ, ನಿಧಾನವಾಗಿಯೇ ಸವೆಯುತ್ತದೆ. ಇಂದು ಜನರ ಬಾಯಲ್ಲಿರುವ ಹೆಸರು ಹತ್ತು ಹದಿನೈದು ವರ್ಷಗಳ ಹಿಂದಿನ ಗಾಡಿಗಳದ್ದು. ಇದನ್ನು ಹ್ಯುಂಡೈನವರು ಚೆನ್ನಾಗಿ ಅರಿತಿದ್ದರು. 1998ರಲ್ಲಿ ಅಮೆರಿಕದಲ್ಲಿ ಇಂಜಿನ್ ಮತ್ತು ಗೇರ್‌ಬಾಕ್ಸಿಗೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿಗಳ ವಾರಂಟಿ ಘೋಷಿಸಿದ್ದು, ಬಾಯಿಮಾತನ್ನು ನಂಬದ ಜನಕ್ಕೆ ಬರಹದಲ್ಲಿ ಕೊಟ್ಟ ಅಡಮಾನದಂತೆ.

ಬಳಸಿದ ಗಾಡಿಗಳ ಬೆಲೆಯಲ್ಲಿ, ಹೆಸರು ಗಾಡಿಗಿಂತ ಹೀಗೆ ಹಿಂದೆ ಉಳಿಯುವುದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿತ್ತು. ಒಂದೇ ವಯಸ್ಸಿನ, ಹೆಚ್ಚುಕಡಿಮೆ ಒಂದೇ ಓಟದ ಮೂರರಲ್ಲಿ ಕೊರೊಲಾಕ್ಕೆ ಕೇಳಿದ ಬೆಲೆಯೇ ಎಲ್ಲಕ್ಕಿಂತ ಹೆಚ್ಚು; ಅದು ಇಂಧನದಲ್ಲಿ ಉಳಿಸುವುದನ್ನು ನನ್ನ ವರ್ಷದ ಓಟಕ್ಕೆ ಲೆಕ್ಕ ಹಾಕಿದಾಗ ಆ ವ್ಯತ್ಯಾಸ ತುಂಬಿಬರಲು ಏಳು ವರ್ಷ ಬೇಕಾಗುತ್ತಿತ್ತು. ಗಾಲ್ಫ್‌ನ ಬೆಲೆ ನಡುವಿನದು. ಐ30 ಮಾತ್ರ ತನ್ನ ಯೋಗ್ಯತೆಗಿಂತ ಕಡಿಮೆಗೆ ಸಿಗುತ್ತಿತ್ತು, ಏಕೆಂದರೆ ಅದರ ಬೆಲೆಯನ್ನು ನಿರ್ಧರಿಸುವವರ ನೆನಪಿನಲ್ಲಿ ಇನ್ನೂ ಎಕ್ಸೆಲ್ ಓಡುತ್ತಿದೆ. ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರು, ಅದೂ ಪೇಟೆಯೊಳಗೇ ಓಡಿಸುವವರಾಗಿದ್ದರೆ ನಾನು ಕೊರೊಲಾವನ್ನು ಬಿಟ್ಟು ಬೇರೆ ಯೋಚಿಸುತ್ತಿರಲಿಲ್ಲ. ನನ್ನ ಓಟ ಅದರ ಮೂರನೆಯ ಒಂದು ಪಾಲು. ಹಾಗಾಗಿ ಐ30 ಕೊಂಡೆ. ಹದಿನಾಲ್ಕು ತಿಂಗಳಾಯಿತು, ಎಣ್ಣೆ ಮತ್ತು ಫಿಲ್ಟರುಗಳ ಹೊರತು ಒಂದು ಜೊತೆ ವೈಪರ್ ಬದಲಿಸಿದ್ದೇನೆ. ಗಾಲ್ಫ್ ಮರಳಿಸಬೇಕಾಗಿದ್ದ ದಿನ ನೇರ ದಾರಿ ಬಿಟ್ಟು ನಲವತ್ತು ಕಿಲೋಮೀಟರಿನ ಬಳಸು ದಾರಿ ಹಿಡಿದು, ಒಂದು ಗಂಟೆ ತಡವಾಗಿ ಹೋಗಿ ಬೀಗದ ಕೈ ಕೊಟ್ಟದ್ದನ್ನೂ ಇಲ್ಲಿ ಹೇಳಬೇಕು.